ತಯಾರಕರು ಕೈಬಿಟ್ಟ ವಾದ್ಯವನ್ನು ನಾವೂ ಕೈಬಿಡಬೇಕೆ?

ಒಂದು ವಸ್ತುವಿನ ಆಯುಷ್ಯವನ್ನು ನಿರ್ಧರಿಸುವವರು ಯಾರು? ಅದನ್ನು ತಯಾರಿಸಿದವರೆ, ಮಾರಿದವರೆ, ಅಥವಾ ಅದನ್ನು ಜೋಪಾನವಾಗಿ ಬಳಸಿ ಬಾಳಿಸುವವರೆ? ಮೇಲುನೋಟಕ್ಕೆ ಇದು ಅಂಗಡಿಯ ವ್ಯವಹಾರಕ್ಕೆ ಸೇರಿದ ಪ್ರಶ್ನೆಯಂತೆ ಕಂಡರೂ ಇದರ ಬೇರು ನೀತಿಯ ನೆಲದಲ್ಲಿದೆ. ನಮ್ಮ ದೇವಾಲಯಗಳಲ್ಲಿ ಗಾನವೃಂದದವರು ಕುಳಿತುಕೊಳ್ಳುವ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿರುವ ಹಳೆಯ ಕೀಬೋರ್ಡ್‌ಗಳನ್ನೂ ಸಿಂಥಸೈಸರ್‌ಗಳನ್ನೂ ಕುರಿತು ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಕಾಲ ಬಂದಿದೆ.

ಮಹಾಲಿಂಗಪುರ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಸೀಮೆಯಲ್ಲಿ ಕಥೋಲಿಕ ಕುಟುಂಬಗಳು ಚದುರಿಕೊಂಡು ಬಾಳುತ್ತಿವೆ. ನಮ್ಮ ಸುತ್ತಲಿನದು ಮಗ್ಗದ ದುಡಿಮೆ, ಕಬ್ಬಿನ ಗದ್ದೆಯ ದುಡಿಮೆ, ಬೆಲ್ಲದ ಪೇಟೆಯ ದುಡಿಮೆ. ಇಂಥ ಸಣ್ಣ ಸಮುದಾಯವೊಂದು ದೇವಾಲಯಕ್ಕಾಗಿ ವಾದ್ಯವೊಂದನ್ನು ಕೊಳ್ಳುವುದೆಂದರೆ ಅದು ಸುಲಭದ ಮಾತಲ್ಲ. ಒಬ್ಬರು ಸಾವಿರ ಕೊಟ್ಟರೆ ಇನ್ನೊಬ್ಬರು ಐವತ್ತು ಕೊಟ್ಟಿರುತ್ತಾರೆ. ಆ ಐವತ್ತು ಒಂದು ಹೊತ್ತಿನ ಸಂತೆಯನ್ನು ತಡೆದು ಉಳಿಸಿದ ಹಣವಾಗಿರುತ್ತದೆ. ಬಡ ವಿಧವೆಯ ಎರಡು ಕಾಸಿನ ಬೆಲೆಯನ್ನು ಪ್ರಭು ಯೇಸುವೇ ಎಣಿಸಿ ತೋರಿಸಿರುವಾಗ, ಆ ಹಣದಿಂದ ಬಂದ ವಾದ್ಯವನ್ನು ನಾವು ಹಗುರವಾಗಿ ಎಣಿಸುವಂತಿಲ್ಲ.

ವರ್ಷಗಳು ಕಳೆದಂತೆ ಆ ವಾದ್ಯ ತೊಂದರೆ ಕೊಡತೊಡಗುತ್ತದೆ. ವಿದ್ಯುತ್ ಹಾಯಿಸಿದೊಡನೆ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ. ಬ್ಯಾಟರಿ ಮುಗಿದಿದೆಯೆಂಬ ಸೂಚನೆ ಬರುತ್ತದೆ. ವಾದಕರು ಜೋಡಿಸಿಟ್ಟಿದ್ದ ಸ್ವರವರ್ಣಗಳೆಲ್ಲ ಅಳಿಸಿಹೋಗಿರುತ್ತವೆ. ರಿಪೇರಿಗೆ ಕೊಂಡೊಯ್ದರೆ, “ಈ ಮಾಡೆಲ್ ನಿಂತು ಬಹಳ ವರ್ಷವಾಯಿತು, ಹೊಸದನ್ನೇ ತೆಗೆದುಕೊಳ್ಳಿ” ಎಂಬ ಉತ್ತರ ಬರುತ್ತದೆ. ಮುಂದಿನ ಭಾನುವಾರ ಪಾಲನಾ ಸಮಿತಿಯಲ್ಲಿ ಮತ್ತೊಂದು ವಂತಿಗೆಯ ಮಾತು ಏಳುತ್ತದೆ. ಆ ವಂತಿಗೆಯ ಪಟ್ಟಿ ಬರೆಯುವ ಮುನ್ನ ಒಂದು ಗಳಿಗೆ ನಿಂತು ಯೋಚಿಸಬೇಕೆಂಬುದೇ ಈ ಬರಹದ ಬಿನ್ನಹ. ತಯಾರಿಕೆ ನಿಂತಿತೆಂದರೆ ವಾದ್ಯ ಸತ್ತಿತೆಂದು ಅರ್ಥವಲ್ಲ. ಅನೇಕ ವೇಳೆ ಸೋತಿರುವುದು ಉಗುರಗಲದ ಒಂದು ಚಿಪ್ ಅಥವಾ ನಾಣ್ಯದಷ್ಟಿರುವ ಒಂದು ಬ್ಯಾಟರಿ ಮಾತ್ರ. ಅದನ್ನು ಬದಲಿಸಬಹುದು, ಕೆಲವೊಮ್ಮೆ ಮೊದಲಿಗಿಂತ ಉತ್ತಮವಾದುದನ್ನೇ ಅಲ್ಲಿ ಕೂರಿಸಬಹುದು.

ಮಗ್ಗದ ರಟ್ಟು, ವಾದ್ಯದ ಚಿಪ್

ಈ ಚಿಪ್ ಎಂದರೇನೆಂಬುದನ್ನು ಬೇರೆ ಊರಿನವರಿಗೆ ವಿವರಿಸುವುದು ಕಷ್ಟವಾಗಬಹುದು. ನೇಕಾರಿಕೆಯ ನಾಡಿನ ನಮಗೆ ಕಷ್ಟವಿಲ್ಲ. ಜಕಾರ್ಡ್ ಜೋಡಿಸಿದ ಮಗ್ಗವನ್ನು ನಮ್ಮ ವಾಚಕರು ಕಂಡಿದ್ದಾರೆ. ಮಗ್ಗದ ನೆತ್ತಿಯ ಮೇಲೆ ತೂತುಗಳುಳ್ಳ ರಟ್ಟಿನ ಪಟ್ಟಿಗಳು ಸರಪಳಿಯಂತೆ ಸುತ್ತುತ್ತವೆ. ತೂತು ಇರುವಲ್ಲಿ ಎಳೆ ಮೇಲೇಳುತ್ತದೆ. ತೂತು ಇಲ್ಲದಲ್ಲಿ ಎಳೆ ಕೆಳಗುಳಿಯುತ್ತದೆ. ಸೀರೆಯ ಅಂಚಿನಲ್ಲಿ ಮೂಡುವ ಚಿತ್ತಾರವೆಲ್ಲ ಆ ರಟ್ಟಿನಲ್ಲಿ ಬರೆದಿಟ್ಟ ಆಜ್ಞೆ. ಮಗ್ಗವನ್ನು ಮುಟ್ಟದೆ ರಟ್ಟನ್ನು ಬದಲಿಸಿದರೆ ಸಾಕು, ಅದೇ ಮಗ್ಗ ಬೇರೊಂದು ಚಿತ್ತಾರವನ್ನು ನೇಯುತ್ತದೆ. ಫ್ರಾನ್ಸಿನ ಲಿಯೋನ್ ಪಟ್ಟಣದ ಜೋಸೆಫ್ ಮಾರಿ ಜಕಾರ್ಡ್ ಎಂಬಾತನು 1804ರ ಸುಮಾರಿಗೆ ಸಿದ್ಧಪಡಿಸಿದ ಈ ಉಪಾಯವನ್ನೇ ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಯೋಜನೆಗೆ ಅಳವಡಿಸಿಕೊಂಡನು. ಇಂದಿನ ಗಣಕಯಂತ್ರದ ವಂಶಾವಳಿಯಲ್ಲಿ ಮಗ್ಗಕ್ಕೂ ಹೀಗೆ ಒಂದು ಸ್ಥಾನವಿದೆ.

ಸಿಂಥಸೈಸರ್ ಒಳಗಿರುವ ಸ್ಮೃತಿಯ ಚಿಪ್ ಆ ರಟ್ಟಿನಂತೆಯೇ. ಕೀಲಿಯೊಂದನ್ನು ಒತ್ತಿದಾಗ ಯಾವ ಧ್ವನಿ ಹೊರಡಬೇಕು, ಅದು ಹೇಗೆ ಏರಿ ಹೇಗೆ ಇಳಿಯಬೇಕು, ಪರದೆಯ ಮೇಲೆ ಏನು ಕಾಣಬೇಕು ಎಂಬ ಆಜ್ಞೆಗಳೆಲ್ಲ ಅದರಲ್ಲಿ ಅಡಗಿವೆ. ಈ ಆಜ್ಞಾಸಮೂಹವನ್ನೇ ತಂತ್ರಜ್ಞರು ಫರ್ಮ್‌ವೇರ್ ಎನ್ನುತ್ತಾರೆ. ಎಂಬತ್ತರ ದಶಕದ ಮತ್ತು ತೊಂಬತ್ತರ ದಶಕದ ಮೊದಲ ಭಾಗದ ಅನೇಕ ವಾದ್ಯಗಳಲ್ಲಿ ಇದನ್ನು ಇಪ್ರಾಮ್ ಎಂಬ ಜಾತಿಯ ಚಿಪ್‌ನಲ್ಲಿ ಬರೆದಿಡುತ್ತಿದ್ದರು. 1971ರಲ್ಲಿ ಇಂಟೆಲ್ ಸಂಸ್ಥೆಯಲ್ಲಿ ಡೋವ್ ಫ್ರೋಮನ್ ಅವರು ರೂಪಿಸಿದ ಈ ಚಿಪ್‌ನ ಬೆನ್ನಮೇಲೆ ಗಾಜಿನ ಪುಟ್ಟ ಕಿಟಕಿಯಿರುತ್ತದೆ. ಅದರ ಮೂಲಕ ನೇರಳಾತೀತ ಬೆಳಕನ್ನು ಹಾಯಿಸಿದರೆ ಬರಹ ಅಳಿಸಿಹೋಗುತ್ತದೆ, ಬಳಿಕ ಹೊಸದಾಗಿ ಬರೆಯಬಹುದು. ಕಿಟಕಿಯ ಮೇಲೆ ಅಂಟಿಸಿರುವ ಚೀಟಿ ಅಲಂಕಾರಕ್ಕಲ್ಲ, ಬೆಳಕನ್ನು ತಡೆಯುವುದಕ್ಕೆ. ಚೀಟಿಯನ್ನು ಕಿತ್ತು ನೇರ ಬಿಸಿಲಿನಲ್ಲಿ ಒಂದು ವಾರ ಇಟ್ಟರೆ ಆ ಬರಹ ಅಳಿಸಿಹೋಗುವ ಸಂಭವವಿದೆ. ಒಂದು ಚಿಪ್ ಹಿಡಿಯುತ್ತಿದ್ದುದು ಎಂಟು, ಮೂವತ್ತೆರಡು ಅಥವಾ ಅರವತ್ತನಾಲ್ಕು ಕಿಲೊಬೈಟ್ ಮಾತ್ರ. ಇಂದಿನ ಕೈಫೋನಿನ ಒಂದು ಚಿತ್ರಕ್ಕೂ ಸಾಲದಷ್ಟು. ಅಷ್ಟರಲ್ಲೇ ಒಂದು ವಾದ್ಯದ ಬುದ್ಧಿಯೆಲ್ಲ ಅಡಕವಾಗಿತ್ತೆಂಬುದು ಸೋಜಿಗವೇ ಸರಿ.

ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಅರಿಸ್ಟಾಟಲನ ದ್ರವ್ಯ ಮತ್ತು ರೂಪಗಳ ವಿಚಾರವನ್ನು ಬಲ್ಲರು. ಮರ, ಲೋಹ, ತಂತಿಗಳು ದ್ರವ್ಯ. ಅವುಗಳನ್ನು ಇಂಥದೇ ವಸ್ತುವನ್ನಾಗಿ ಮಾಡುವ ತತ್ತ್ವವೇ ರೂಪ. ಫರ್ಮ್‌ವೇರ್ ಇಲ್ಲದ ಸಿಂಥಸೈಸರ್ ಕೀಲಿಗಳನ್ನು ಜೋಡಿಸಿದ ಪೆಟ್ಟಿಗೆಯಷ್ಟೆ. ಅದು ಬಂದಾಗಲೇ ಪೆಟ್ಟಿಗೆ ವಾದ್ಯವಾಗುತ್ತದೆ. ಹಾಗಾದರೆ ಚಿಪ್ ಬದಲಿಸಿದ ವಾದ್ಯ ಹಳೆಯ ವಾದ್ಯವೇ, ಹೊಸದೇ? ಗ್ರೀಕರು ಥೀಸಿಯಸನ ಹಡಗಿನ ಬಗೆಗೆ ಇದೇ ಪ್ರಶ್ನೆಯನ್ನು ಕೇಳಿದ್ದರು: ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ಅದೇ ಹಡಗೇ? ನಮ್ಮ ಉತ್ತರ ಸರಳವಾದುದು. ಯಾವ ಉದ್ದೇಶಕ್ಕಾಗಿ ಆ ವಾದ್ಯವನ್ನು ಸಮುದಾಯ ದೇವರಿಗೆ ಒಪ್ಪಿಸಿತೋ ಆ ಉದ್ದೇಶ ನೆರವೇರುತ್ತಿರುವವರೆಗೆ ಅದು ಅದೇ ವಾದ್ಯ.

ತಯಾರಕರ ತೀರ್ಪೇ ಕೊನೆಯದಲ್ಲ

ತಯಾರಿಕೆ ನಿಂತ ವಾದ್ಯಕ್ಕೆ ಹೊಸ ಜೀವ ಬಂದ ನಿದರ್ಶನಗಳು ಲೋಕದಲ್ಲಿ ಹಲವು. ಅಮೆರಿಕದ ಸೀಕ್ವೆನ್ಶಿಯಲ್ ಸರ್ಕ್ಯೂಟ್ಸ್ ಎಂಬ ಸಂಸ್ಥೆ 1982ರಲ್ಲಿ ಪ್ರಾಫೆಟ್-600 ಎಂಬ ಸಿಂಥಸೈಸರನ್ನು ಹೊರತಂದಿತು. ಬೇರೆ ಬೇರೆ ಸಂಸ್ಥೆಗಳ ವಾದ್ಯಗಳು ಒಂದು ತಂತಿಯ ಮೂಲಕ ಪರಸ್ಪರ ಸಂವಾದಿಸುವ ಮಿಡಿ ಎಂಬ ಸಾಮಾನ್ಯ ಭಾಷೆಯನ್ನು ಕಲಿತು ಪೇಟೆಗೆ ಬಂದ ಮೊದಲ ವಾದ್ಯಗಳಲ್ಲಿ ಅದು ಒಂದು. 1983ರ ಜನವರಿಯಲ್ಲಿ ಅದನ್ನು ಜಪಾನಿನ ರೋಲಂಡ್ ಸಂಸ್ಥೆಯ ವಾದ್ಯದೊಡನೆ ಜೋಡಿಸಿ ತೋರಿಸಲಾಯಿತು. ಆದರೆ ಅದರ ಸಂಸ್ಕಾರಕ ನಿಧಾನದ್ದಾಗಿದ್ದುದರಿಂದ ಧ್ವನಿಯ ಏರಿಳಿತ ನಯವಾಗಿರದೆ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತಿತ್ತು. 1987ರಲ್ಲಿ ಆ ಸಂಸ್ಥೆಯೇ ಮುಚ್ಚಿಹೋಯಿತು. ಆ ಮೇಲೆ ಕಾಲು ಶತಮಾನ ಕಳೆದ ಬಳಿಕ ಒಬ್ಬ ಹವ್ಯಾಸಿ ತಂತ್ರಜ್ಞ ಹಳೆಯ ಸಂಸ್ಕಾರಕದ ಸ್ಥಾನದಲ್ಲಿ ಕೂರುವ ಸಣ್ಣ ಫಲಕವೊಂದಕ್ಕೆ ಹೊಸ ಫರ್ಮ್‌ವೇರನ್ನು ಬರೆದು, ಅದನ್ನು ಎಲ್ಲರೂ ಬಳಸುವಂತೆ ಬಹಿರಂಗಗೊಳಿಸಿದನು. ವಾದ್ಯದ ಧ್ವನಿ ಹುಟ್ಟುವ ಮೂಲಮಂಡಲಗಳು ಹಾಗೆಯೇ ಉಳಿದವು. ಅವುಗಳನ್ನು ನಡೆಸುವ ಬುದ್ಧಿ ಮಾತ್ರ ಚುರುಕಾಯಿತು. ತಯಾರಾದ ದಿನಕ್ಕಿಂತಲೂ ಚೆನ್ನಾಗಿ ನುಡಿಯುವ ವಾದ್ಯ ಹೀಗೆ ದೊರೆಯಿತು.

ನಮ್ಮ ದೇಶದ್ದೇ ಇನ್ನೊಂದು ನಿದರ್ಶನವಿದೆ. ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿ ದುಡಿಯುತ್ತಿದ್ದ ಚರಣಜಿತ್ ಸಿಂಗ್ ಅವರು 1982ರಲ್ಲಿ ರೋಲಂಡ್ ಸಂಸ್ಥೆಯ ಮೂರು ಯಂತ್ರಗಳನ್ನು ಬಳಸಿ ಹತ್ತು ರಾಗಗಳ ಧ್ವನಿಮುದ್ರಿಕೆಯೊಂದನ್ನು ಹೊರತಂದರು. ಆಗ ಅದನ್ನು ಕೇಳಿದವರು ಕಡಿಮೆ. ಅವರು ಬಳಸಿದ ಯಂತ್ರಗಳಲ್ಲೊಂದಾದ ಟಿಬಿ-303 ಪೇಟೆಯಲ್ಲಿ ಸೋತಿತೆಂದು ತಯಾರಕರು 1984ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಹಳೆಯ ಸಾಮಾನಿನ ಅಂಗಡಿ ಸೇರಿದ ಆ ಯಂತ್ರವನ್ನು ಅಗ್ಗಕ್ಕೆ ಕೊಂಡ ಚಿಕಾಗೋ ನಗರದ ತರುಣರು ಅದರಿಂದಲೇ ಹೊಸದೊಂದು ಸಂಗೀತ ಪ್ರಕಾರವನ್ನು ಹುಟ್ಟಿಸಿದರು. 2010ರಲ್ಲಿ ಚರಣಜಿತ್ ಸಿಂಗ್ ಅವರ ಧ್ವನಿಮುದ್ರಿಕೆ ಮರುಪ್ರಕಟವಾದಾಗ ಜಗತ್ತು ಬೆರಗಾಗಿ ಕೇಳಿತು. ಆ ಸಂಗೀತ ಪ್ರಕಾರ ನಮ್ಮ ಬಲಿಪೂಜೆಗೆ ಒಗ್ಗುವಂಥದೆಂದು ನಾವು ಹೇಳುತ್ತಿಲ್ಲ. ಪೇಟೆಯು ಮುಗಿಯಿತೆಂದು ಸಾರಿದ್ದು ನಿಜವಾಗಿ ಮುಗಿದಿರುವುದಿಲ್ಲವೆಂಬುದಷ್ಟೇ ಇಲ್ಲಿ ನಮಗೆ ಬೇಕಾದ ಮಾತು.

ಇನ್ನು ನಮ್ಮ ಕಣ್ಣೆದುರಿನ ವಾದ್ಯಗಳಿಗೆ ಬರೋಣ. ರೋಲಂಡ್ ಸಂಸ್ಥೆಯ ಎಕ್ಸ್‌ಪಿ-80 ವಾದ್ಯ 1996ರಲ್ಲಿಯೂ ಎಕ್ಸ್‌ಪಿ-60 ವಾದ್ಯ 1998ರಲ್ಲಿಯೂ ಬಂದವು. ಅವುಗಳ ತಯಾರಿಕೆ ನಿಂತು ಎಷ್ಟೋ ವರ್ಷಗಳಾದವು. ಆದರೂ ಭಾರತದ ಆರ್ಕೆಸ್ಟ್ರಾ ವಾದಕರು ಅವುಗಳನ್ನು ಕೈಬಿಡಲೊಲ್ಲರು. ಕಾರಣವಿಷ್ಟೆ: ಆ ವಾದ್ಯದ ಒಳಗೆ ನಾಲ್ಕು ವಿಸ್ತರಣಾ ಫಲಕಗಳಿಗೆ ಸ್ಥಳವನ್ನು ಬಿಡಲಾಗಿದೆ, ಫಲಕವೊಂದನ್ನು ಕೂರಿಸಿದರೆ ಸಿತಾರ್, ತಬಲಾಗಳಂಥ ಏಷ್ಯದ ವಾದ್ಯಗಳ ಧ್ವನಿಗಳೂ ಅದರಿಂದ ಹೊಮ್ಮುತ್ತವೆ. ಬೆಳೆಯುವುದಕ್ಕೆ ಸ್ಥಳವಿಟ್ಟು ಕಟ್ಟಿದ ವಸ್ತು ಬಹುಕಾಲ ಬಾಳುತ್ತದೆಂಬ ಪಾಠ ಅಲ್ಲಿದೆ. ಮಕ್ಕಳನ್ನು ಬೆಳೆಸುವ ತಂದೆತಾಯಿಗಳಿಗೂ ಈ ಪಾಠ ಸಲ್ಲುವಂಥದೇ.

ಹಳೆಯ ವಾದ್ಯವನ್ನು ಬಾಳಿಸುವುದು ನಮ್ಮ ಸೀಮೆಗೆ ಹೊಸ ವಿದ್ಯೆಯಲ್ಲ. ಶ್ರೀಕೃಷ್ಣ ಪಾರಿಜಾತದ ಆಟವಿರಲಿ, ಕಂಪನಿ ನಾಟಕವಿರಲಿ, ಪೇಟಿ ಮಾಸ್ತರರಿಲ್ಲದೆ ನಡೆಯುತ್ತಿರಲಿಲ್ಲ. ಆ ಪೇಟಿಯಾದರೂ ಎಲ್ಲಿಯದು? 1840ರ ದಶಕದಲ್ಲಿ ಪ್ಯಾರಿಸಿನಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ಕೈತಿದಿಯ ರೂಪ ಪಡೆದು, ನಮ್ಮ ನಾಟಕಗಳಿಗೂ ಭಜನೆಗಳಿಗೂ ದೇವಾಲಯಗಳಿಗೂ ಬಂದದ್ದು. ಅದು ನಮ್ಮ ಸಂಗೀತಕ್ಕೆ ಒಗ್ಗದೆಂದು ಅಖಿಲ ಭಾರತ ರೇಡಿಯೊ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರಲ್ಲಿ ಆ ನಿಷೇಧ ಸಡಿಲವಾಯಿತು. ಅಷ್ಟು ವರ್ಷ ಪೇಟಿಯನ್ನು ಬದುಕಿಸಿದವರು ಅಧಿಕಾರಿಗಳಲ್ಲ. ತಿದಿಗೆ ತೇಪೆ ಹಾಕಿ, ಹಿತ್ತಾಳೆಯ ನಾಲಿಗೆಯನ್ನು ಅರದಿಂದ ಉಜ್ಜಿ ಸ್ವರಕ್ಕೆ ತಂದ ಕೈಗಳು. ಆ ಕೈಗಳ ಜಾಣ್ಮೆಯನ್ನು ಇಂದಿನ ತರುಣರು ಚಿಪ್‌ಗಳ ಮೇಲೆ ತೋರಬೇಕಾಗಿದೆ.

ಕೈಹಾಕುವ ಮುನ್ನ

ಉತ್ಸಾಹವೊಂದೇ ಸಾಲದು, ವಿವೇಕವೂ ಬೇಕು. ಮೊದಲಾಗಿ ವಾದ್ಯದ ಸ್ವರೂಪವನ್ನು ಅರಿಯಬೇಕು. ಅಗ್ಗದ ಮನೆಬಳಕೆಯ ಕೀಬೋರ್ಡ್‌ಗಳಲ್ಲಿ ಆಜ್ಞೆಗಳನ್ನು ಕಾರ್ಖಾನೆಯಲ್ಲಿಯೇ ಅಚ್ಚೊತ್ತಿ ಚಿಪ್ ಅನ್ನು ಫಲಕಕ್ಕೆ ಬೆಸೆದುಬಿಟ್ಟಿರುತ್ತಾರೆ. ಅವುಗಳಲ್ಲಿ ಬದಲಿಸುವಂಥದು ಹೆಚ್ಚೇನೂ ಇಲ್ಲ. ಇತ್ತೀಚಿನ ವಾದ್ಯಗಳಲ್ಲಿ ಫ್ಲ್ಯಾಶ್ ಸ್ಮೃತಿ ಇರುವುದರಿಂದ ಪೆಟ್ಟಿಗೆಯನ್ನು ತೆರೆಯದೆಯೇ ಹೊಸ ಫರ್ಮ್‌ವೇರನ್ನು ತುಂಬಬಹುದು. ಚಿಪ್ ಅನ್ನು ಕಿತ್ತು ಕೂರಿಸುವ ಕೆಲಸ, ಚಿಪ್‌ಗೆ ಕೂರುಮಣೆಯಿರುವ ನಡುಗಾಲದ ವಾದ್ಯಗಳಿಗೆ ಸೇರಿದ್ದು. ಒಳಗಿರುವ ಫರ್ಮ್‌ವೇರ್ ಎಷ್ಟನೆಯ ಆವೃತ್ತಿಯದೆಂಬುದನ್ನು ಅನೇಕ ವಾದ್ಯಗಳು, ಕೆಲವು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ವಿದ್ಯುತ್ ಹಾಯಿಸಿದಾಗ, ಪರದೆಯ ಮೇಲೆ ತಾವೇ ತೋರಿಸುತ್ತವೆ. ಆವೃತ್ತಿಯನ್ನು ತಿಳಿಯದೆ ಚಿಪ್ ತರಿಸುವುದು ರೋಗವನ್ನು ತಿಳಿಯದೆ ಮದ್ದು ಕೊಟ್ಟಂತೆ.

ಎರಡನೆಯದಾಗಿ, ಮುಟ್ಟುವ ಮೊದಲೇ ಸ್ಮೃತಿಯನ್ನು ಕಾಪಾಡಿಕೊಳ್ಳಬೇಕು. ವಾದಕರು ತಾವಾಗಿ ಜೋಡಿಸಿದ ಸ್ವರವರ್ಣಗಳು ಅನೇಕ ಹಳೆಯ ವಾದ್ಯಗಳಲ್ಲಿ ಮೂರು ವೋಲ್ಟಿನ ಲಿಥಿಯಮ್ ಬ್ಯಾಟರಿಯೊಂದರ ಬಲದಿಂದಲೇ ಉಳಿದಿರುತ್ತವೆ. ಬ್ಯಾಟರಿ ಬರಿದಾದರೆ, ಅಥವಾ ಅದನ್ನು ತೆಗೆದರೆ, ಅವು ಹೋದಂತೆಯೇ. ಹೊಸ ಫರ್ಮ್‌ವೇರ್ ಕೂರಿಸಿದ ಮೇಲೂ ಎಷ್ಟೋ ವೇಳೆ ಆ ಸ್ಮೃತಿಯನ್ನು ಬರಿದುಮಾಡಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಆದ್ದರಿಂದ ಮಿಡಿ ತಂತಿಯ ಮೂಲಕ ಗಣಕಯಂತ್ರಕ್ಕೆ, ಅಥವಾ ಫ್ಲಾಪಿಗೆ, ಎಲ್ಲವನ್ನೂ ಮೊದಲು ನಕಲಿಳಿಸಿ ಇಡಬೇಕು. ಇದು ಬರಿಯ ತಂತ್ರದ ಮಾತಲ್ಲ. ಗಾನವೃಂದವನ್ನು ವರ್ಷಾನುಗಟ್ಟಲೆ ನಡೆಸಿದ ವಾದಕರೊಬ್ಬರು ಪವಿತ್ರ ಶುಕ್ರವಾರದ ಶೋಕಗೀತೆಗೆ ಒಂದು ಧ್ವನಿ, ಪಾಸ್ಖದ ರಾತ್ರಿಯ ಜಯಗೀತೆಗೆ ಇನ್ನೊಂದು ಧ್ವನಿ ಎಂದು ಜೋಡಿಸಿಟ್ಟು ತೀರಿಕೊಂಡಿದ್ದರೆ, ಆ ಧ್ವನಿಗಳು ಸಮುದಾಯದ ನೆನಪಿನ ಭಾಗವೇ ಆಗಿರುತ್ತವೆ. ಅಲ್ಪ ಬೆಲೆಯ ಬ್ಯಾಟರಿಯೊಂದನ್ನು ಸಕಾಲದಲ್ಲಿ ಬದಲಿಸದೆ ಅದನ್ನು ಕಳೆದುಕೊಳ್ಳುವುದು ಹಿರಿಯರ ಪಾಲಿಗೆ ನಾವು ತೋರುವ ಅನಾದರ.

ಮೂರನೆಯದಾಗಿ ಕೈಯ ಎಚ್ಚರಿಕೆ. ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತಿರಬೇಕು. ಮೈಯಲ್ಲಿ ಸಂಚಯವಾಗುವ ಸ್ಥಿರವಿದ್ಯುತ್ತು ಚಿಪ್ ಅನ್ನು ಕೊಲ್ಲಬಲ್ಲದಾದ್ದರಿಂದ ನೆಲಕ್ಕೆ ಜೋಡಿಸಿದ ಕೈಪಟ್ಟಿಯನ್ನು ಧರಿಸಬೇಕು. ಚಿಪ್‌ನ ಒಂದು ತುದಿಯಲ್ಲಿರುವ ಕಚ್ಚು ಯಾವ ದಿಕ್ಕಿಗಿದೆಯೆಂಬುದನ್ನು ಚಿತ್ರ ತೆಗೆದಿಟ್ಟುಕೊಂಡು, ಹೊಸದನ್ನೂ ಅದೇ ದಿಕ್ಕಿಗೆ ಕೂರಿಸಬೇಕು. ತಿರುಗುಮುರುಗಾದರೆ ಅದು ಸುಟ್ಟುಹೋಗಬಹುದು. ಒಂದೇ ಕಡೆಯಿಂದ ಎಬ್ಬಿಸದೆ ಎರಡೂ ತುದಿಗಳಿಂದ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಕೆಲವು ವಾದ್ಯಗಳಲ್ಲಿ ಆಜ್ಞೆಗಳನ್ನು ಎರಡು ಚಿಪ್‌ಗಳಿಗೆ ಹಂಚಿರುತ್ತಾರೆ. ಅಂಥಲ್ಲಿ ಎರಡನ್ನೂ ಒಟ್ಟಿಗೆ ಬದಲಿಸಬೇಕು. ತೆಗೆದ ಹಳೆಯ ಚಿಪ್ ಅನ್ನು ಎಸೆಯದೆ ಹೆಸರು ಬರೆದು ಕಾದಿಡಬೇಕು; ಹೊಸದು ಹೊಂದದಿದ್ದರೆ ಹಿಂದಿರುಗಲು ಅದೇ ದಾರಿ. ವಿದ್ಯುತ್ ಫಲಕದಲ್ಲಿ ಅಪಾಯಕಾರಿ ವೋಲ್ಟೇಜ್ ಇರುವುದರಿಂದ ಬಲ್ಲವರಲ್ಲದೆ ಬೇರಾರೂ, ಅದರಲ್ಲಿಯೂ ಮಕ್ಕಳು, ಅದನ್ನು ಮುಟ್ಟಕೂಡದು.

ಹೊಸ ದ್ರಾಕ್ಷಾರಸದ ಪ್ರಶ್ನೆ

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಹೊಸ ದ್ರಾಕ್ಷಾರಸವನ್ನು ಹಳೆಯ ತೊಗಲಚೀಲದಲ್ಲಿ ತುಂಬಬಾರದೆಂದು ಪ್ರಭುವೇ ಹೇಳಿರುವರಲ್ಲ, ಹಳೆಯ ಪೆಟ್ಟಿಗೆಗೆ ಹೊಸ ಬುದ್ಧಿಯನ್ನು ತುಂಬುವುದು ಅದಕ್ಕೆ ವಿರುದ್ಧವಲ್ಲವೆ ಎಂದು ಯಾರಾದರೂ ಕೇಳಬಹುದು. ಆ ಉಪಮೆ ನುಡಿಯುವುದು ದೇವರ ರಾಜ್ಯದ ಹೊಸತನವನ್ನು. ಬಿರಿದುಹೋಗುವ ತೊಗಲನ್ನು ಗುರುತಿಸುವ ವಿವೇಕವನ್ನೂ ಅದು ಕಲಿಸುತ್ತದೆ. ಅದೇ ಮತ್ತಾಯನ ಶುಭಸಂದೇಶದಲ್ಲಿ ತನ್ನ ಭಂಡಾರದಿಂದ ಹೊಸದನ್ನೂ ಹಳೆಯದನ್ನೂ ಹೊರತೆಗೆಯುವ ಮನೆಯ ಯಜಮಾನನನ್ನು ಪ್ರಭು ಮೆಚ್ಚಿ ನುಡಿದಿರುವರು. ಹಾಗಾಗಿ ಎರಡೂ ಮಾತುಗಳನ್ನು ಒಟ್ಟಿಗೆ ಹಿಡಿಯಬೇಕು. ಕೀಲಿಗಳ ಕೆಳಗಿನ ಸಂಪರ್ಕಗಳು ಸವೆದಿಲ್ಲ, ಫಲಕಕ್ಕೆ ತುಕ್ಕು ಹಿಡಿದಿಲ್ಲ, ವಿದ್ಯುತ್ ಭಾಗ ಗಟ್ಟಿಯಾಗಿದೆ ಎಂದಾದರೆ ಆ ಚೀಲ ಇನ್ನೂ ರಸವನ್ನು ತಡೆಯಬಲ್ಲದು. ಆ ವಾದ್ಯಕ್ಕೆಂದೇ ತಯಾರಕರು ರೂಪಿಸಿದ, ಬೇರೆಲ್ಲಿಯೂ ಸಿಗದ ಧ್ವನಿಚಿಪ್ ಸುಟ್ಟುಹೋಗಿದ್ದರೆ, ಅಥವಾ ರಿಪೇರಿಯ ವೆಚ್ಚ ಹೊಸ ವಾದ್ಯದ ಬೆಲೆಯನ್ನು ಸಮೀಪಿಸಿದರೆ, ಅದನ್ನು ಬೀಳ್ಕೊಡುವುದೇ ಲೇಸು. ಹಳೆಯದೆಂಬ ಕಾರಣಕ್ಕೆ ಎಸೆಯುವುದು ಎಷ್ಟು ತಪ್ಪೋ, ಹಳೆಯದೆಂಬ ಕಾರಣಕ್ಕೆ ಪೂಜಿಸುವುದೂ ಅಷ್ಟೇ ತಪ್ಪು.

ಇನ್ನೊಂದು ಪ್ರಶ್ನೆ ನ್ಯಾಯದ್ದು. ಚಿಪ್‌ನಲ್ಲಿರುವ ಬರಹ ಯಾರದೋ ಬೌದ್ಧಿಕ ದುಡಿಮೆಯ ಫಲ. ಅದನ್ನು ನಕಲು ಮಾಡುವುದು ದಶಾಜ್ಞೆಗಳಲ್ಲಿ ಏಳನೆಯದರ ಉಲ್ಲಂಘನೆಯಲ್ಲವೆ? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಇಲ್ಲಿ ಒಂದು ಗೆರೆಯನ್ನು ಎಳೆದಿದೆ. ಕಂಪ್ಯೂಟರ್ ಕ್ರಮವಿಧಿಯ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು, ಅದು ನಷ್ಟವಾಗದಂತೆ ಕಾಪಾಡಿಕೊಳ್ಳಲು ಮತ್ತು ಅದನ್ನು ಕೊಟ್ಟ ಉದ್ದೇಶಕ್ಕೇ ಬಳಸಲು, ನಕಲನ್ನು ಮಾಡಿಟ್ಟುಕೊಳ್ಳಬಹುದು. ಎಂದರೆ ನಮ್ಮ ವಾದ್ಯದ ಚಿಪ್ ಕೆಡುವ ಮೊದಲು ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳುವುದು ಕಳ್ಳತನವಲ್ಲ. ಇತರರು ಬರೆದು ಮುಕ್ತವಾಗಿ ಹಂಚಿದ್ದನ್ನು ಅವರ ನಿಬಂಧನೆಯಂತೆ ಬಳಸುವುದೂ ತಪ್ಪಲ್ಲ. ಆದರೆ ಪರರ ಕ್ರಮವಿಧಿಗಳನ್ನೂ ಧ್ವನಿಗಳನ್ನೂ ನಕಲಿಳಿಸಿ ಮಾರುವ ದಂಧೆ ಬೇರೆ. ಅಂಥದನ್ನು ಕೊಂಡು ದೇವರ ಸ್ತುತಿಗೆ ಬಳಸುವುದು ಕದ್ದ ಹೂವಿನಿಂದ ಪೀಠವನ್ನು ಸಿಂಗರಿಸಿದಂತೆ. ದೇವಾಲಯಕ್ಕೆ ಅದು ಬೇಡ.

ನ್ಯಾಯದ ತಕ್ಕಡಿಗೆ ಎರಡು ತಟ್ಟೆಗಳಿವೆ. ಬಳಸುವವರಿಗೆ ಕರ್ತವ್ಯವಿರುವಂತೆ ತಯಾರಿಸುವವರಿಗೂ ಕರ್ತವ್ಯವಿದೆ. ಒಂದು ಮಾಡೆಲಿನ ತಯಾರಿಕೆಯನ್ನು ನಿಲ್ಲಿಸುವ ಹಕ್ಕು ಸಂಸ್ಥೆಗೆ ಉಂಟು. ಅದನ್ನು ಕೊಂಡವರನ್ನು ನಡುನೀರಿನಲ್ಲಿ ಬಿಡುವ ಹಕ್ಕಿಲ್ಲ. ಬಿಡಿಭಾಗಗಳನ್ನು ಇನ್ನು ಒದಗಿಸೆವೆಂದು ಸಾರುವ ದಿನ, ಆ ವಾದ್ಯದ ಮಂಡಲಚಿತ್ರಗಳನ್ನೂ ಫರ್ಮ್‌ವೇರನ್ನೂ ರಿಪೇರಿ ಮಾಡುವವರಿಗೆ ಬಿಟ್ಟುಕೊಡುವುದು ಧರ್ಮ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗೆಗೆ ಸಮಿತಿಯೊಂದನ್ನು ನೇಮಿಸಿ, ಕೃಷಿ ಉಪಕರಣ, ಮೊಬೈಲ್ ಫೋನು, ಗೃಹೋಪಯೋಗಿ ಸಾಧನ, ವಾಹನಗಳೆಂಬ ನಾಲ್ಕು ಕ್ಷೇತ್ರಗಳನ್ನು ಮೊದಲು ಗುರುತಿಸಿತು. ವಾದ್ಯಗಳ ಹೆಸರು ಅಲ್ಲಿ ಪ್ರತ್ಯೇಕವಾಗಿ ಬಂದಿಲ್ಲ. ಬರಬೇಕೆಂದು ಕೇಳುವುದು ಕಲಾವಿದರ ಕೆಲಸ ಮಾತ್ರವಲ್ಲ, ನಮ್ಮದೂ ಹೌದು.

ಭೂಮಿಯ ಮೊರೆಯೂ ಇದರಲ್ಲಿ ಸೇರಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ಕಸ ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಗೆ ಹೋದದ್ದು ನೂರಕ್ಕೆ 22.3 ಪಾಲು ಮಾತ್ರ. ಉಳಿದದ್ದರಲ್ಲಿ ಬಹುಪಾಲನ್ನು ಮಣ್ಣು ನುಂಗುತ್ತದೆ, ಇಲ್ಲವೆ ಬಡವರ ಮಕ್ಕಳು ಬೆಂಕಿಯಲ್ಲಿ ಸುಟ್ಟು ತಾಮ್ರವನ್ನು ಹೆಕ್ಕುತ್ತಾರೆ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯನ್ನು ಖಂಡಿಸಿ, ವಸ್ತುಗಳನ್ನು ಬಿಸಾಡುವ ಮನಸ್ಸೇ ಕ್ರಮೇಣ ಮನುಷ್ಯರನ್ನೂ ಬಿಸಾಡುತ್ತದೆಂಬ ಎಚ್ಚರವನ್ನು ನಮ್ಮಲ್ಲಿ ಮೂಡಿಸಿದರು. ಮನೆಯಲ್ಲಿ ಹಿರಿಯರನ್ನು “ಇನ್ನು ಉಪಯೋಗವಿಲ್ಲ” ಎಂಬ ಕಣ್ಣಿನಿಂದ ನೋಡುವ ದಿನಗಳಲ್ಲಿ, ಹಳೆಯ ವಾದ್ಯವೊಂದನ್ನು ತಾಳ್ಮೆಯಿಂದ ಸರಿಪಡಿಸುವುದು ಮಕ್ಕಳಿಗೆ ಮಾತಿಲ್ಲದ ಧರ್ಮೋಪದೇಶವಾಗಬಲ್ಲದು.

ಆರಾಧನೆಯಲ್ಲಿ ವಾದ್ಯದ ಸ್ಥಾನವೇನೆಂಬುದನ್ನೂ ಮರೆಯಬಾರದು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಪವಿತ್ರ ಆರಾಧನಾವಿಧಿಯ ಸಂವಿಧಾನವು ಕೊಳವೆಯ ಆರ್ಗನ್ ವಾದ್ಯಕ್ಕೆ ಹಿರಿಯ ಗೌರವವನ್ನು ಸಲ್ಲಿಸಿತು. ಪವಿತ್ರ ಬಳಕೆಗೆ ತಕ್ಕುವಾದ, ದೇವಾಲಯದ ಘನತೆಗೆ ಒಪ್ಪುವ, ಶ್ರದ್ಧಾವಂತರ ಭಕ್ತಿಯನ್ನು ನಿಜವಾಗಿ ಬೆಳೆಸುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಅಲ್ಲಿ ಅಳತೆಗೋಲು ವಾದ್ಯದ ಹೊಸತನವಲ್ಲ, ಬೆಲೆಯೂ ಅಲ್ಲ, ಯೋಗ್ಯತೆ. ನೂರಾರು ತಾಳಗಳನ್ನು ತಾನೇ ಬಾರಿಸುವ ಹೊಸ ಕೀಬೋರ್ಡ್ ಜನರ ಹಾಡನ್ನು ಮುಳುಗಿಸುವುದಾದರೆ, ನಾಲ್ಕೇ ಧ್ವನಿಗಳಿಂದ ಜನರ ಕೊರಳನ್ನು ಎತ್ತಿ ಹಿಡಿಯುವ ಹಳೆಯದೇ ಮೇಲು.

ಕೊನೆಯದಾಗಿ ಕೆಲವು ಕಾರ್ಯಸಾಧ್ಯ ಸಲಹೆಗಳು. ಪ್ರತಿಯೊಂದು ಧರ್ಮಕೇಂದ್ರವೂ ತನ್ನ ವಾದ್ಯದ ಮಾಡೆಲ್, ಫರ್ಮ್‌ವೇರ್ ಆವೃತ್ತಿ, ಬ್ಯಾಟರಿ ಬದಲಿಸಿದ ದಿನಾಂಕ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ವಾದ್ಯದ ಸ್ಮೃತಿಯ ನಕಲು ಎರಡು ಕಡೆ ಇರಲಿ. ವಿದ್ಯುತ್ತಿನ ಏರಿಳಿತಕ್ಕೆ ಸ್ಟೆಬಿಲೈಸರ್, ಮಗ್ಗದೂರಿನ ನೂಲಿನ ಧೂಳಿಗೆ ಒಳ್ಳೆಯ ಹೊದಿಕೆ, ಇವೆರಡನ್ನು ಒದಗಿಸಿದರೆ ಅರ್ಧ ರೋಗ ಬಾರದು. ಐ.ಟಿ.ಐ. ಅಥವಾ ಡಿಪ್ಲೊಮಾ ಕಲಿತ ನಮ್ಮ ಹುಡುಗ ಹುಡುಗಿಯರಲ್ಲಿ ಆಸಕ್ತಿಯುಳ್ಳ ಇಬ್ಬರನ್ನು ಆರಿಸಿ ಈ ವಿದ್ಯೆಯನ್ನು ಕಲಿಯಲು ಪ್ರೋತ್ಸಾಹಿಸೋಣ. ಚಿಪ್‌ಗೆ ಬರೆಯುವ ಪುಟ್ಟ ಸಾಧನವೊಂದನ್ನು ನೆರೆಹೊರೆಯ ಧರ್ಮಕೇಂದ್ರಗಳು ಕೂಡಿ ಕೊಂಡರೆ ಯಾರಿಗೂ ಹೊರೆಯಾಗದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಇದಕ್ಕೆ ಬೇಕಾದ ಸಾಮಗ್ರಿಗಳು ದೊರೆಯುತ್ತವೆ. ಹೀಗೆ ಕಲಿತ ವಿದ್ಯೆ ದೇವಾಲಯದ ವಾದ್ಯದಲ್ಲೇ ನಿಲ್ಲದು. ಊರಿನ ಭಜನಾಮಂಡಳಿಯ, ಶಾಲೆಯ, ಆರ್ಕೆಸ್ಟ್ರಾದ ವಾದ್ಯಗಳಿಗೂ ನೆರವಾದೀತು. ನೆರೆಯವರ ಸೇವೆಗೆ ಅದು ಒಂದು ದಾರಿ, ಮನೆಯ ಒಲೆಗೂ ಒಂದು ಆಸರೆ. ಇನ್ನು ಉಳಿಸಲಾಗದ ವಾದ್ಯವನ್ನು ಗುಜರಿಗೆ ಹಾಕದೆ, ಬಳಕೆಗೆ ಬರುವ ಬಿಡಿಭಾಗಗಳನ್ನು ತೆಗೆದಿಟ್ಟುಕೊಂಡು, ಮಿಕ್ಕದ್ದನ್ನು ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸೋಣ.

ಲೂಕನ ಶುಭಸಂದೇಶದಲ್ಲಿ ಫಲ ಕೊಡದ ಅಂಜೂರದ ಮರವೊಂದರ ಸಾಮತಿ ಇದೆ. ಕಡಿದುಹಾಕೆಂದು ಯಜಮಾನ ಹೇಳಿದಾಗ ತೋಟಗಾರ ಇನ್ನೊಂದು ವರ್ಷದ ಅವಕಾಶವನ್ನು ಬೇಡುತ್ತಾನೆ. ಸುತ್ತಲೂ ಅಗೆದು ಗೊಬ್ಬರ ಹಾಕುವ ದುಡಿಮೆಯನ್ನು ತಾನೇ ವಹಿಸಿಕೊಳ್ಳುತ್ತಾನೆ. ದುಡಿಮೆಗೆ ಸಿದ್ಧನಾದವನಿಗೆ ಮಾತ್ರ ಆ ಒಂದು ವರ್ಷವನ್ನು ಕೇಳುವ ಹಕ್ಕು ಬರುತ್ತದೆ. ನಮ್ಮ ಹಳೆಯ ವಾದ್ಯಗಳಿಗೂ ಅಂಥ ಒಂದು ವರ್ಷವನ್ನು ಕೇಳೋಣ. ಕೇಳುವುದರ ಜೊತೆಗೆ ಅಗೆಯುವ ಕೆಲಸವನ್ನೂ ನಾವೇ ಮಾಡೋಣ. ಬರುವ ಕ್ರಿಸ್ತಜಯಂತಿಯ ರಾತ್ರಿ, ಬಡವರ ಕಾಣಿಕೆಯಿಂದ ಬಂದ ಆ ವಾದ್ಯ ಅವರ ಮಕ್ಕಳ ಕೈಯಿಂದಲೇ ಸರಿಹೋಗಿ ದೇವರ ಮಹಿಮೆಯನ್ನು ನುಡಿಯುವಂತಾಗಲಿ ಎಂದು ಹಾರೈಸುತ್ತೇವೆ.